ಶುಗರ್ ಇದೆ, ಮನೆಯಲ್ಲಿ ಒಬ್ಬನೇ: ಊಟಕ್ಕೆ ಯಾವ ದಾರಿ ವಾಸಿ?

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ತೋಟದ ರೈಟರ್ ಅಂದರೆ ಕಥೆ ಬರೆಯುವವನಲ್ಲ, ಲೆಕ್ಕ ಬರೆಯುವವನು. ಯಾರು ಎಷ್ಟು ಕೆಜಿ ಹಣ್ಣು ಕುಯ್ದರು, ಯಾರಿಗೆ ಎಷ್ಟು ಅಡ್ವಾನ್ಸ್ ಹೋಯಿತು, ಗೊಬ್ಬರ ಎಷ್ಟು ಮೂಟೆ ಬಂತು, ಇಷ್ಟೇ ನನ್ನ ಬರವಣಿಗೆ. ಮಗಳ ಓದಿಗೆ ಅಂತ ಹೆಂಡತಿ ಮೈಸೂರಿನಲ್ಲಿ ಮನೆ ಮಾಡಿದ್ದಾಳೆ. ನಾನು ಇಲ್ಲಿ ಕ್ವಾರ್ಟರ್ಸಿನಲ್ಲಿ ಒಬ್ಬನೇ. ಅವರು ಹೋದ ವರ್ಷವೇ ನನಗೆ ಶುಗರ್ ಬಂದದ್ದು. ಮೊದಲೇ ಇತ್ತೋ ಏನೋ, ಗೊತ್ತಾದದ್ದು ಆಗ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಜಾಸ್ತಿ ಬಂದರೆ ಡಯಾಬಿಟಿಸ್ ಅನ್ನುತ್ತಾರೆ. ನನ್ನದು 171 ಇತ್ತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಮುಟ್ಟಿದರೆ ಕಾಯಿಲೆ ಎಂದು ಲೆಕ್ಕ. ನನ್ನದು 8.9.

ಡಾಕ್ಟರು ಮಾತ್ರೆ ಬರೆದರು. 'ಅನ್ನ ಕಡಿಮೆ, ತರಕಾರಿ ಜಾಸ್ತಿ. ಮನೆಯವರಿಗೆ ಹೇಳಿ, ಅವರಿಗೆ ಗೊತ್ತಾಗುತ್ತೆ' ಅಂದರು. ಮನೆಯವರು ನಾನೇ ಡಾಕ್ಟ್ರೇ ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಆಗ ನನಗೆ ಬರುತ್ತಿದ್ದ ಅಡುಗೆ ಎರಡೇ: ಅನ್ನ ಮತ್ತು ಆಮ್ಲೆಟ್.

ಆಮೇಲಿನ ಮೂರು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ. ಮೆಸ್ಸಿನ ಊಟ, ಪಕ್ಕದ ಮನೆಯ ಕ್ಯಾರಿಯರ್, ದಿನವೂ ಅಡುಗೆ, ಎರಡು ಮೂರು ದಿನಕ್ಕೊಮ್ಮೆ ಮಾಡಿಟ್ಟುಕೊಳ್ಳುವ ಅಡುಗೆ. ಯಾವುದು ಯಾರಿಗೆ ಸರಿ ಹೋಗಬಹುದು ಅಂತ ನನಗೆ ಕಂಡದ್ದನ್ನು ಬರೆಯುತ್ತೇನೆ. ಮಾತ್ರೆ ವಿಷಯ ನಿಮ್ಮ ಡಾಕ್ಟರದ್ದು, ಅದಕ್ಕೆ ನಾನು ಕೈ ಹಾಕುವುದಿಲ್ಲ.

ಸುಸ್ತಾದ ದಿನ ನೋಡಿ ಆರಿಸಿ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಯಾವ ದಾರಿಯೂ ಚೆಂದವೇ. ಬಿಸಿಲು ಇರುತ್ತದೆ, ಸಂತೆಯಿಂದ ತಂದ ಸೊಪ್ಪು ಇರುತ್ತದೆ, ಉತ್ಸಾಹವೂ ಇರುತ್ತದೆ. ಅದನ್ನು ನೋಡಿ ನಿರ್ಧಾರ ಮಾಡಬೇಡಿ. ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಜನವರಿಯ ಒಂದು ಸಂಜೆ. ರೋಬಸ್ಟಾ ಕುಯ್ಲು. ಐದು ಗಂಟೆಗೆ ಹಣ್ಣಿನ ಚೀಲಗಳು ತೂಕಕ್ಕೆ ಬರಲು ಶುರುವಾದರೆ ಕೊನೆಯ ಚೀಲ ತೂಗಿ ಪುಸ್ತಕ ಮುಚ್ಚುವಾಗ ಏಳು ದಾಟಿರುತ್ತದೆ. ಚಳಿ. ಸೊಂಟ ಹಿಡಿದಿರುತ್ತದೆ. ಮನೆಗೆ ಬಂದು ದೀಪ ಹಾಕಿದರೆ ಒಲೆ ತಣ್ಣಗೆ ಕೂತಿರುತ್ತದೆ. ಆ ರಾತ್ರಿ ನಿಮ್ಮ ಹೊಟ್ಟೆಗೆ ಏನು ಹೋಗುತ್ತದೆ? ಬ್ರೆಡ್ಡು ಜಾಮೋ, ನಾಲ್ಕು ಬಿಸ್ಕತ್ತೋ, ಎರಡು ನಿಮಿಷದ ನೂಡಲ್ಸೋ? ಆ ರಾತ್ರಿಯನ್ನು ದಾಟಿಸುವ ದಾರಿಯೇ ನಿಮ್ಮ ದಾರಿ. ನಿಮಗೆ ಕುಯ್ಲು ಇಲ್ಲದಿರಬಹುದು. ಬ್ಯಾಂಕಿನಲ್ಲಿ ಮಾರ್ಚ್ ಇರುತ್ತದೆ, ಶಾಲೆಯಲ್ಲಿ ಪರೀಕ್ಷೆ ಇರುತ್ತದೆ, ಹೋಮ್‌ಸ್ಟೇ ಇಟ್ಟವರಿಗೆ ಪ್ರತಿ ಶನಿವಾರವೂ ಅದೇ.

ಮೆಸ್ಸು, ಹೋಟೆಲು

ಮೊದಲ ನಾಲ್ಕು ತಿಂಗಳು ನಾನು ಪೇಟೆಯ ಒಂದು ಮೆಸ್ಸಿನಲ್ಲಿ ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಉಂಡೆ. ಶುಗರ್ ಇದೆ ಅಂತ ಹೇಳಿ ಅನ್ನ ಬಿಟ್ಟು ಚಪಾತಿ ಹಾಕಿಸಿಕೊಳ್ಳುತ್ತಿದ್ದೆ. ಶುಗರ್ ಮಾತ್ರ ಜಗ್ಗಲಿಲ್ಲ. ಒಂದು ದಿನ ಕೈ ತೊಳೆಯಲು ಹಿಂದೆ ಹೋದಾಗ ಹಿಟ್ಟು ಕಲಸುವ ಜಾಗ ಕಂಡಿತು. ಪಕ್ಕದಲ್ಲಿ ಮೈದಾ ಮೂಟೆ. ಕೇಳಿದರೆ 'ಅರ್ಧ ಹಾಕ್ತೀವಿ ಸಾರ್, ಇಲ್ಲಾಂದ್ರೆ ಮೆತ್ತಗೆ ಬರಲ್ಲ' ಅಂದ ಹುಡುಗ. ಅವನ ತಪ್ಪೇನೂ ಇಲ್ಲ. ಅವನ ಕೆಲಸ ಮೆತ್ತಗಿನ ಚಪಾತಿ ಮಾಡುವುದು.

ಮೆಸ್ಸಿನ ದೊಡ್ಡ ತೊಂದರೆ ಎಣ್ಣೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅಲ್ಲ. ತೊಂದರೆ ಇರುವುದು ತಟ್ಟೆಯ ಲೆಕ್ಕದಲ್ಲಿ. ಅನ್ನ ಬೇಕಾದಷ್ಟು, ಪಲ್ಯ ಎರಡು ಚಮಚ. ನಮಗೆ ಬೇಕಾದದ್ದು ಇದರ ಉಲ್ಟಾ: ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಕಾಳೋ ಮೊಟ್ಟೆಯೋ ಮೀನೋ, ಉಳಿದ ಕಾಲು ಭಾಗ ಮಾತ್ರ ಅನ್ನ, ರೊಟ್ಟಿ, ಮುದ್ದೆ ಯಾವುದಾದರೂ. ಇದನ್ನು ಮೆಸ್ಸಿನವರ ಹತ್ತಿರ ಹೇಳಿದರೆ ಕೆಲವರು ಒಪ್ಪುತ್ತಾರೆ. 'ಅನ್ನ ಒಂದೇ ಸಲ, ಪಲ್ಯ ಮೂರು ಸಲ, ಇಪ್ಪತ್ತು ರೂಪಾಯಿ ಜಾಸ್ತಿ ತಗೊಳ್ಳಿ' ಅನ್ನಿ. ಬೆಳಗಿನ ತಿಂಡಿಗೆ ನಮ್ಮ ಕಡೆಯ ಮಲಯಾಳಿ ಹೋಟೆಲುಗಳಲ್ಲಿ ಪುಟ್ಟು ಕಡಲೆ ಸಿಗುತ್ತದೆ. ಪುಟ್ಟು ಅರ್ಧ, ಕಡಲೆ ಕರಿ ಎರಡು ಪ್ಲೇಟು ತಗೊಂಡರೆ ಪರೋಟಕ್ಕಿಂತ ಎಷ್ಟೋ ವಾಸಿ. ದಿನಕ್ಕೊಂದು ಹೊತ್ತು ಮೆಸ್ಸು ಆಗಬಹುದು. ಮೂರು ಹೊತ್ತೂ ಅಂದರೆ ಲಗಾಮು ಅವರ ಕೈಯಲ್ಲಿ.

ಪಕ್ಕದ ಮನೆಯ ಕ್ಯಾರಿಯರ್

ತೋಟದ ಗೇಟಿನ ಹತ್ತಿರ ಒಬ್ಬ ಅಕ್ಕ ಇದ್ದಾರೆ. ತಿಂಗಳಿಗೆ ಇಷ್ಟು ಅಂತ ಮಾತಾಡಿ ರಾತ್ರಿ ಊಟ ಅವರಿಂದ ತರಿಸಿಕೊಂಡೆ. ಮನೆ ಅಡುಗೆ, ಉಪ್ಪು ಖಾರ ಹಿತ, ಎಣ್ಣೆ ಕಡಿಮೆ. ಇನ್ನೇನು ಬೇಕು ಅಲ್ವಾ? ಆದರೆ ಈ ದಾರಿಯ ತೊಂದರೆ ಪ್ರೀತಿ.

'ಅಕ್ಕಾ, ಇಷ್ಟು ಅನ್ನ ಬೇಡ.'

'ಇಷ್ಟೇ ಇಷ್ಟು ತಮ್ಮ, ಗಂಡಸು ಮಗ ನೀನು, ರಾತ್ರಿ ಹೊಟ್ಟೆ ಕಾಯಬಾರದು.'

'ಡಾಕ್ಟ್ರು ಬೈತಾರೆ.'

'ಡಾಕ್ಟ್ರಿಗೇನು, ಅವರಿಗೆ ಊಟ ಹಾಕಲು ಹೆಂಡ್ತಿ ಇದ್ದಾಳೆ.'

ಇದಕ್ಕೆ ಏನು ಹೇಳುತ್ತೀರಿ? ಎರಡು ತಿಂಗಳು ವಾದ ಮಾಡಿದೆ. ಗೆಲ್ಲಲಿಲ್ಲ. ಕೊನೆಗೆ ಮಾಡಿದ್ದು ಇಷ್ಟೇ: ನನ್ನದೇ ಕ್ಯಾರಿಯರ್ ಕೊಂಡೆ. ಮೂರು ಡಬ್ಬಿ. ಅಂಗಡಿಯವನ ಹತ್ತಿರ ಹಟ ಮಾಡಿ ಮೇಲಿನದು ಚಿಕ್ಕದಿರುವ ಸೆಟ್ ಹುಡುಕಿಸಿದೆ. 'ಅಕ್ಕಾ, ಅನ್ನ ಮೇಲಿನದಕ್ಕೆ, ಪಲ್ಯ ಮಧ್ಯದ್ದಕ್ಕೆ, ಸಾರು ಕೆಳಗಿನದಕ್ಕೆ' ಅಂತ ಹೇಳಿದೆ. ಅವರು ಡಬ್ಬಿಯನ್ನು ತುಂಬಿ ಒತ್ತಿ ತುಂಬಿ ಒತ್ತಿ ಕೊಟ್ಟರೂ ಒಂದು ಲೋಟಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಅವರಿಗೂ ಸಮಾಧಾನ, ನನಗೂ. ಕ್ಯಾರಿಯರ್ ದಾರಿ ಹಿಡಿಯುವವರು ಮೊದಲು ಡಬ್ಬಿ ಆರಿಸಿ.

ಇನ್ನೊಂದು ಕುಂದಿದೆ. ಆ ಮನೆಯವರು ಊರಿಗೆ ಹೋದ ದಿನ, ಅವರಿಗೆ ಜ್ವರ ಬಂದ ದಿನ ನಿಮಗೆ ಊಟ ಇಲ್ಲ. ಅದಕ್ಕೇ ಕ್ಯಾರಿಯರ್ ಇದ್ದರೂ ಮನೆಯಲ್ಲಿ ಹತ್ತು ನಿಮಿಷದ ಒಂದು ಅಡುಗೆ ಬರುತ್ತಿರಬೇಕು. ನನ್ನದನ್ನು ಮುಂದೆ ಹೇಳುತ್ತೇನೆ.

ದಿನವೂ ಮಾಡುವುದೋ, ಮಾಡಿಡುವುದೋ

ದಿನವೂ ಮೂರು ಹೊತ್ತು ಬಿಸಿ ಅಡುಗೆ ಮಾಡಿಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ ಅಂತ ಹೇಳುವವರೆಲ್ಲ ಬೇರೆಯವರು ಮಾಡಿದ್ದನ್ನು ಉಣ್ಣುವವರು. ನಾನು ಹದಿನೇಳು ದಿನ ಮಾಡಿದೆ, ಲೆಕ್ಕ ಇಟ್ಟಿದ್ದೇನೆ. ಹದಿನೆಂಟನೇ ದಿನ ಬಿಸ್ಕತ್ತು ತಿಂದು ಮಲಗಿದೆ. ಒಬ್ಬನಿಗೆ ಒಂದು ಹೊತ್ತಿಗೆ ಅಡುಗೆ ಮಾಡುವುದು ನಾಲ್ಕು ಜನಕ್ಕೆ ಮಾಡುವುದಕ್ಕಿಂತ ಬೇಜಾರಿನ ಕೆಲಸ. ಈರುಳ್ಳಿ ಹೆಚ್ಚುವುದೂ ಅಷ್ಟೇ, ಪಾತ್ರೆ ತೊಳೆಯುವುದೂ ಅಷ್ಟೇ, ಉಣ್ಣಲು ಒಂದೇ ಬಾಯಿ.

ಈಗ ನಾನು ನಿಂತಿರುವುದು ನಾಲ್ಕನೇ ದಾರಿಯಲ್ಲಿ. ಭಾನುವಾರ ಮತ್ತು ಬುಧವಾರ ಅಡುಗೆ. ಹಿಂದಿನ ರಾತ್ರಿ ಕಾಳು ನೆನೆಹಾಕುತ್ತೇನೆ. ಒಮ್ಮೆ ಹುರುಳಿ, ಒಮ್ಮೆ ಅಲಸಂದೆ, ಒಮ್ಮೆ ಕಡಲೆ. ಮಾರನೇ ದಿನ ಕುಕ್ಕರಿಗೆ ಹಾಕಿ, ಅದು ಕೂಗುವ ಹೊತ್ತಿಗೆ ಪಕ್ಕದ ಒಲೆಯಲ್ಲಿ ಎಲೆಕೋಸೋ ಬೀನ್ಸೋ ಸೀಮೆಬದನೆಯೋ ಪಲ್ಯ. ಆರು ಮೊಟ್ಟೆ ಬೇಯಿಸಿ ಸಿಪ್ಪೆ ಸಮೇತ ಇಡುತ್ತೇನೆ. ಒಂದೂವರೆ ಗಂಟೆಯ ಕೆಲಸ. ಆಮೇಲೆ ಮೂರು ದಿನ ಬಿಸಿ ಮಾಡುವುದಷ್ಟೇ.

ಡಬ್ಬಿಯ ವಿಷಯ ಮತ್ತೆ ಬಂತು. ದೊಡ್ಡ ಪಾತ್ರೆಯಲ್ಲಿ ಇಟ್ಟರೆ ಪ್ರತಿ ಸಲ ಇಡೀ ಪಾತ್ರೆ ಹೊರಗೆ ಬಂದು ಬಿಸಿಯಾಗಿ ಮತ್ತೆ ಒಳಗೆ ಹೋಗುತ್ತದೆ. ಎರಡನೇ ದಿನಕ್ಕೇ ಹುಳಿ ವಾಸನೆ. ಒಂದು ಹೊತ್ತಿಗೆ ಒಂದು ಡಬ್ಬಿ ಅಂತ ಮಾಡಿಟ್ಟರೆ ಆ ಡಬ್ಬಿ ಮಾತ್ರ ಹೊರಗೆ ಬರುತ್ತದೆ. ಜೊತೆಗೆ ಅಳತೆ ಮೊದಲೇ ಮುಗಿದಿರುತ್ತದೆ. ಹಸಿದ ಹೊತ್ತಿನಲ್ಲಿ ಕೈ ಎಷ್ಟು ಬಡಿಸುತ್ತದೆ ಅಂತ ನಂಬಬೇಡಿ. ಕಾಳಿನ ಸಾರು ಮೂರು ದಿನ ತಡೆಯುತ್ತದೆ, ಪಲ್ಯ ಎರಡು ದಿನ. ಸೊಪ್ಪು ಅವತ್ತಿನದು ಅವತ್ತೇ. ಅನ್ನವನ್ನು ಮಾತ್ರ ರಾತ್ರಿ ಹೊರಗೆ ಬಿಡಬೇಡಿ. ಬೆಂದ ಅನ್ನ ಹೊರಗೇ ಇದ್ದರೆ ಅದರಲ್ಲಿ ಬೆಳೆಯುವ ಒಂದು ಜಾತಿ ಬ್ಯಾಕ್ಟೀರಿಯಾ ಬಿಡುವ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಗ ಆರಿಸಿ ಫ್ರಿಜ್ಜಿಗೆ ಹಾಕಿ. ತಣಿದ ಅನ್ನ ಶುಗರನ್ನು ಸ್ವಲ್ಪ ನಿಧಾನ ಏರಿಸುತ್ತದೆ ಅನ್ನುವುದೂ ನಿಜ. ಆದರೆ ಅದನ್ನೇ ನೆಪ ಮಾಡಿ ಎರಡು ಬಟ್ಟಲು ಉಣ್ಣಲು ಹೋಗಬೇಡಿ.

ಈ ದಾರಿ ಕೊಡಗಿನಲ್ಲಿ ವರ್ಷಪೂರ್ತಿ ನಡೆಯುವುದಿಲ್ಲ ಅನ್ನುವುದನ್ನು ನಾನು ಕಲಿತದ್ದು ಮೊದಲ ಜುಲೈಯಲ್ಲಿ. ಮರ ಬಿತ್ತು, ಲೈನು ಹರಿಯಿತು, ಮೂರು ದಿನ ಕರೆಂಟಿಲ್ಲ. ಫ್ರಿಜ್ಜಿನಲ್ಲಿದ್ದ ಒಂಬತ್ತು ಡಬ್ಬಿಯನ್ನೂ ನಾಯಿಗೂ ಹಾಕದೆ ಗೊಬ್ಬರದ ಗುಂಡಿಗೆ ಸುರಿದೆ. ಈಗ ಜೂನ್‌ನಿಂದ ಆಗಸ್ಟ್‌ವರೆಗೆ ಒಂದೇ ಕುಕ್ಕರಿನ ಅಡುಗೆ. ಅದೇ ನಾನು ಮೇಲೆ ಹೇಳಿದ ಅಡುಗೆ.

ಮೂವತ್ತು ಗ್ರಾಂ ಅಕ್ಕಿ, ಅಂದರೆ ಒಂದು ಚಿಕ್ಕ ಹಿಡಿ. ಹೆಸರುಕಾಳು ಅದಕ್ಕಿಂತ ಸ್ವಲ್ಪ ಜಾಸ್ತಿ, ನಲವತ್ತು ಗ್ರಾಂ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕಾಳು ನೀರಿಗೆ ಹಾಕಿ ಹೋಗುತ್ತೇನೆ. ರಾತ್ರಿ ಬಂದು ಕುಕ್ಕರಿನಲ್ಲಿ ಒಂದು ಚಮಚ ಎಣ್ಣೆ, ಜೀರಿಗೆ, ಜಜ್ಜಿದ ಶುಂಠಿ, ನಾಲ್ಕು ಕಾಳು ತೋಟದ ಕರಿಮೆಣಸು. ಒಂದು ಸೀಮೆಬದನೆ, ಒಂದು ಕ್ಯಾರೆಟ್, ಕೈಗೆ ಸಿಕ್ಕಷ್ಟು ನುಗ್ಗೆ ಸೊಪ್ಪು. ಅಕ್ಕಿ, ಕಾಳು, ನೀರು, ಅರಿಶಿನ, ಉಪ್ಪು. ಮೂರು ಕೂಗು. ಅಷ್ಟರಲ್ಲಿ ಕೈಕಾಲು ತೊಳೆದು ಬರುತ್ತೇನೆ. ನೆತ್ತಿಗೆ ಒಂದು ಬೇಯಿಸಿದ ಮೊಟ್ಟೆ. ಹತ್ತು ನಿಮಿಷ ನಿಮ್ಮ ಕೆಲಸ, ಉಳಿದದ್ದು ಕುಕ್ಕರಿನ ಕೆಲಸ. ನೋಡಲು ಏನೂ ಚೆಂದವಿಲ್ಲ, ಒಂಥರಾ ಹಸಿರು ಮುದ್ದೆ. ಮಳೆ ಹೊಡೆಯುವ ರಾತ್ರಿ ಬಿಸಿಬಿಸಿ ಉಂಡರೆ ಇದರ ಮುಂದೆ ಬೇರೆ ಬೇಡ ಅನಿಸುತ್ತದೆ.

ಒಲೆಯ ಬಗ್ಗೆ ಒಂದೇ ಮಾತು. ಪೇಟೆಯಲ್ಲಿದ್ದರೆ ಇಂಡಕ್ಷನ್ ಸಾಕು. ತೋಟದ ಕಡೆ ಇದ್ದರೆ ಗ್ಯಾಸೇ ಇರಲಿ.

ಅಕ್ಕಿ, ರಾಗಿ, ಗೋಧಿ: ತಕ್ಕಡಿಗೆ ಹಾಕಿ ನೋಡಿ

ಇಪ್ಪತ್ತೆರಡು ವರ್ಷದಿಂದ ಕಾಫಿ ಹಣ್ಣು ತೂಗುವವನು ನಾನು. ಯಾರ ಚೀಲದಲ್ಲಾದರೂ ಅರ್ಧ ಕೆಜಿ ಹೆಚ್ಚುಕಡಿಮೆ ಆದರೆ ಗಲಾಟೆ. ಆದರೆ ನನ್ನ ತಟ್ಟೆಯ ಅನ್ನ ಎಷ್ಟು ಗ್ರಾಂ ಅಂತ ಒಂದು ದಿನವೂ ನೋಡಿರಲಿಲ್ಲ. ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿ ತಂದ ಮೇಲೆ ಕಣ್ಣು ಬಿಟ್ಟಿತು.

ಶುಗರ್ ಬಂದವರಿಗೆ ಎಲ್ಲರೂ ಹೇಳುವ ಮಾತು 'ಅನ್ನ ಬಿಡಿ, ಮುದ್ದೆ ಉಣ್ಣಿ.' ಲೆಕ್ಕ ಹಾಕಿ ನೋಡೋಣ. ನೂರು ಗ್ರಾಂ ಬೆಳ್ಳಗಿನ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67. ಗೋಧಿ ಹಿಟ್ಟಿನಲ್ಲಿ 64. ಒಂದು ಹದವಾದ ಮುದ್ದೆಗೆ 70 ಗ್ರಾಂ ಹಿಟ್ಟು ಬೇಕು, ಅಂದರೆ 47 ಗ್ರಾಂ ಪಿಷ್ಟ. 60 ಗ್ರಾಂ ಅಕ್ಕಿಯ ಅನ್ನದಲ್ಲೂ ಅಷ್ಟೇ, 47. ಎರಡೂ ಸರಿಸಮ! ಹಾಗಾದರೆ ರಾಗಿಯ ಹೆಚ್ಚುಗಾರಿಕೆ ಏನು? ನಾರು. ಆ ಮುದ್ದೆಯಲ್ಲಿ ಸುಮಾರು 8 ಗ್ರಾಂ ನಾರಿದೆ, ಆ ಅನ್ನದಲ್ಲಿ 2 ಗ್ರಾಂ ಕೂಡ ಇಲ್ಲ. ಸುಣ್ಣದ ಅಂಶವಂತೂ ರಾಗಿಯಲ್ಲೇ ಜಾಸ್ತಿ. ಹೊಟ್ಟೆ ತುಂಬಿದ ಹಾಗಾಗುತ್ತದೆ, ಮತ್ತೆ ಬೇಗ ಹಸಿಯುವುದಿಲ್ಲ. ಅದು ಲಾಭವೇ. ಆದರೆ ಎರಡು ಮುದ್ದೆ ಉಂಡು 'ನಾನು ರಾಗಿ ಉಂಡೆ' ಅಂತ ಎದೆ ತಟ್ಟಿಕೊಂಡರೆ ಶುಗರ್ ನೋಡುವ ಮೀಟರು ನಗುತ್ತದೆ. ರಾಗಿ ಗಂಜಿ ಇನ್ನೂ ಮೋಸ. ನುಣ್ಣಗಿನ ಹಿಟ್ಟು, ಅಗಿಯುವ ಕೆಲಸವಿಲ್ಲ, ಗಟಗಟ ಇಳಿಯುತ್ತದೆ. ನನಗೆ ಅನ್ನಕ್ಕಿಂತ ಬೇಗ ಏರಿಸಿದ್ದು ಅದೇ.

ನಮ್ಮ ಕೊಡಗಿನಲ್ಲಿ ಅಕ್ಕಿ ಬಿಟ್ಟು ಬದುಕು ಅನ್ನುವುದು ಸುಮ್ನೆ ಮಾತು. ರೊಟ್ಟಿ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ನೂಪುಟ್ಟು (ಒತ್ತು ಶಾವಿಗೆ), ಪಾಪುಟ್ಟು (ತಟ್ಟೆಯಲ್ಲಿ ಹಬೆಗಿಟ್ಟ ಕಡುಬು), ಎಲ್ಲವೂ ಅಕ್ಕಿಯೇ. ಆದ್ದರಿಂದ ಇವುಗಳಲ್ಲೇ ಯಾವುದು ವಾಸಿ ಅಂತ ನೋಡಬೇಕು. ನಾನು ಆರಿಸುವುದು ಕಡಂಬುಟ್ಟು. ರುಚಿಯ ಮಾತಲ್ಲ. ಅದನ್ನು ಎಣಿಸಬಹುದು ಅನ್ನುವ ಒಂದೇ ಕಾರಣಕ್ಕೆ. ಒಂದು ಸಲ 200 ಗ್ರಾಂ ಅಕ್ಕಿ ತರಿ ತೂಗಿ ಮಾಡಿದೆ, ಹನ್ನೊಂದು ಉಂಡೆ ಬಂತು. ಅಂದರೆ ಒಂದಕ್ಕೆ 18 ಗ್ರಾಂ ತರಿ, 14 ಗ್ರಾಂ ಪಿಷ್ಟ. ನನಗೆ ಒಂದು ಹೊತ್ತಿಗೆ 45ರ ಆಚೀಚೆ ಇರಲಿ ಅಂತ ಹೇಳಿದ್ದಾರೆ. ಹಾಗಾದರೆ ಮೂರು ಉಂಡೆ. ನಿಮ್ಮ ಲೆಕ್ಕ ಬೇರೆ ಇರಬಹುದು, ಕೇಳಿಕೊಳ್ಳಿ. ರೊಟ್ಟಿಗೆ ಹಿಟ್ಟು 50 ಗ್ರಾಂ ಹಿಡಿದರೆ ಒಂದರಲ್ಲೇ 39. ತೆಳ್ಳಗೆ ತಟ್ಟುವವರದ್ದು ಕಡಿಮೆ, ಮಂದವಾಗಿ ತಟ್ಟುವವರದ್ದು ಜಾಸ್ತಿ, ಅಲ್ಲಿ ಎಣಿಕೆ ತಪ್ಪುತ್ತದೆ. ನೂಪುಟ್ಟಿನಲ್ಲಿ ಎಳೆ ಎಣಿಸಲು ಆಗುವುದಿಲ್ಲ, ಮೇಲೆ ಸಕ್ಕರೆ ಹಾಕಿದ ಕಾಯಿಹಾಲು ಬೇರೆ. ಪಾಪುಟ್ಟಿನಲ್ಲಿ ಹಾಲೂ ಕಾಯಿಯೂ ಸೇರಿರುವುದರಿಂದ ಚಿಕ್ಕ ತುಂಡೇ ಭಾರ.

ನನ್ನ ಮೀಟರಿನ ಎರಡು ಲೆಕ್ಕ ಹೇಳುತ್ತೇನೆ. ಒಂದು ಮದುವೆಮನೆಯಿಂದ ಬಂದ ವಾರ ಅದೇ ಆಸೆಗೆ ಮನೆಯಲ್ಲೂ ಹಂದಿ ಕರಿ ಮಾಡಿ ಐದು ಕಡಂಬುಟ್ಟು ತಿಂದೆ. ಮೊದಲ ತುತ್ತಿನಿಂದ ಎರಡು ಗಂಟೆಗೆ 231. ಮುಂದಿನ ವಾರ ಅದೇ ಹಂದಿ ಕರಿ, ಕಡಂಬುಟ್ಟು ಮೂರು. ಅದಕ್ಕೂ ಮೊದಲು ಒಂದು ಬಟ್ಟಲು ಬೀನ್ಸ್ ಪಲ್ಯ ಪೂರ್ತಿ ಮುಗಿಸಿದೆ. ಉಂಡ ಮೇಲೆ ಟಾರ್ಚ್ ಹಿಡಿದು ಕಣದ ಸುತ್ತ ಹದಿನೈದು ನಿಮಿಷ ನಡೆದೆ. 164. ಊಟವಾಗಿ ಎರಡು ಗಂಟೆಗೆ 180ರ ಒಳಗಿದ್ದರೆ ಸಾಮಾನ್ಯವಾಗಿ ಪರವಾಗಿಲ್ಲ ಅನ್ನುತ್ತಾರೆ. ತರಕಾರಿ ಮೊದಲು, ಕಾಳು ಮಾಂಸ ಆಮೇಲೆ, ಅನ್ನ ಕೊನೆಗೆ ಅನ್ನುವ ಈ ಕ್ರಮಕ್ಕೆ ಒಂದು ಪೈಸೆ ಖರ್ಚಿಲ್ಲ. ಒಬ್ಬನೇ ಉಣ್ಣುವುದರಿಂದ ಯಾಕೆ ಹೀಗೆ ಅಂತ ಕೇಳುವವರೂ ಇಲ್ಲ.

ಸ್ಟ್ರಿಪ್ ದುಬಾರಿ, ಎಲ್ಲದಕ್ಕೂ ಚುಚ್ಚಿ ನೋಡಲು ಆಗುವುದಿಲ್ಲ. ನೀವು ವಾರದಲ್ಲಿ ಪದೇಪದೇ ಉಣ್ಣುವ ನಾಲ್ಕೋ ಐದೋ ಊಟಕ್ಕೆ ಮಾತ್ರ ಎರಡೆರಡು ಸಲ ನೋಡಿ, ಬರೆದಿಡಿ. ಆಮೇಲೆ ಯಾರ ಮಾತನ್ನೂ ಕೇಳುವ ಅಗತ್ಯ ಬೀಳುವುದಿಲ್ಲ, ನನ್ನದನ್ನೂ.

ಹಂದಿ, ಒಣಮೀನು, ಬೆಣ್ಣೆಹಣ್ಣು

ಹಂದಿ ಮಾಂಸ ತಿಂದರೆ ಶುಗರ್ ಏರುತ್ತದೆಯೇ ಅಂತ ಕೇಳುವವರಿದ್ದಾರೆ. ಮಾಂಸದಲ್ಲಿ ಪಿಷ್ಟವಿಲ್ಲ. ಏರಿಸುವುದು ಅದರ ಜೊತೆಗಿನ ಪುಟ್ಟು. ಆದರೆ ಶುಗರ್ ಇರುವವರಿಗೆ ಹೃದಯದ ತೊಂದರೆ ಬರುವ ಸಂಭವ ಜಾಸ್ತಿ, ಕೊಬ್ಬಿನ ತುಂಡುಗಳನ್ನು ಲೆಕ್ಕವಿಲ್ಲದೆ ತಿನ್ನುವ ಹಾಗಿಲ್ಲ. ಕೊಬ್ಬು ತೆಗೆಸಿದ ತುಂಡು, ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿರಸ), ಮೆಣಸು, ತಿಂಗಳಿಗೆರಡು ಸಲ. ಅದು ನನ್ನ ಒಪ್ಪಂದ. ಉಳಿದ ದಿನ ಮೊಟ್ಟೆ, ಕಾಳು, ಮೀನು. ಮಳೆಗಾಲದ ಒಣಮೀನು ಬಾಯಿಗೆ ಹಿತ, ಬಿಪಿಗೆ ಅಹಿತ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿನ ಒಳಗೆ ಇರಿ ಅನ್ನುತ್ತಾರೆ, ಒಂದು ಹುರಿದ ಒಣಮೀನು ಅದರಲ್ಲಿ ದೊಡ್ಡ ಪಾಲನ್ನು ನುಂಗುತ್ತದೆ.

ಕಣಿಲೆ, ಅಂದರೆ ಎಳೆ ಬಿದಿರು, ಸಿಕ್ಕಿದರೆ ಬಿಡಬೇಡಿ. ನಾರು ತುಂಬ, ಪಿಷ್ಟ ಕಡಿಮೆ. ಹೆಚ್ಚಿ, ದಿನವೂ ನೀರು ಬದಲಿಸಿ ಎರಡು ಮೂರು ದಿನ ನೆನೆಸಿ, ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಹಸಿಯದರಲ್ಲಿ ವಿಷದ ಅಂಶವಿದೆ, ಅವಸರ ಬೇಡ.

ಬೆಣ್ಣೆಹಣ್ಣಿನ (ಅವಕಾಡೊ) ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ತೋಟದಲ್ಲಿ ಬಿದ್ದು ಕೊಳೆಯುವ ಹಣ್ಣು. ಇಷ್ಟು ಕಡಿಮೆ ಸಕ್ಕರೆ ಇರುವ ಹಣ್ಣು ನಮ್ಮಲ್ಲಿ ಇನ್ನೊಂದಿಲ್ಲ. ಆದರೆ ನಾವು ಮಾಡುವುದೇನು? ನಾಲ್ಕು ಚಮಚ ಸಕ್ಕರೆ, ಹಾಲು ಹಾಕಿ ಜ್ಯೂಸ್. ಅದರ ಬದಲು ಅರ್ಧ ಹಣ್ಣು ಕಿವುಚಿ ಹೆಚ್ಚಿದ ಈರುಳ್ಳಿ, ಹಸಿಮೆಣಸು, ನಿಂಬೆಹುಳಿ, ಚಿಟಿಕೆ ಉಪ್ಪು ಸೇರಿಸಿ ಚಪಾತಿಗೆ ಹಚ್ಚಿಕೊಳ್ಳಿ. ಎರಡು ಚಪಾತಿ, ಜೊತೆಗೊಂದು ಮೊಟ್ಟೆ. ಬೆಳಗಿನ ತಿಂಡಿ ಮುಗಿಯಿತು. ಕಿತ್ತಳೆ ತಿನ್ನುವುದಾದರೆ ಒಂದು, ಸುಲಿದು ತಿನ್ನಿ. ಹಿಂಡಿ ಕುಡಿಯಬೇಡಿ.

ಬೆಲ್ಲ, ಜೇನು ಅಂದರೆ ಸಕ್ಕರೆ ಅಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿ. ಕೊಡಗಿನ ಜೇನು ಎಷ್ಟೇ ಅಪ್ಪಟವಾಗಿದ್ದರೂ ಅದರಲ್ಲಿ ಶೇಕಡಾ 80ರಷ್ಟು ಸಕ್ಕರೆಯೇ. ಬೆಲ್ಲ ಇನ್ನೂ ಜಾಸ್ತಿ. ಬೆಲ್ಲದ ಕರಿ ಕಾಫಿ ಬಿಡುವುದು ನನಗೆ ಅನ್ನ ಬಿಡುವುದಕ್ಕಿಂತ ಕಷ್ಟವಾಯಿತು. ಈಗ ಬರೀ ಕರಿ ಕಾಫಿ. ಮೊದಲ ವಾರ ಕಷಾಯ ಕುಡಿದ ಹಾಗಿತ್ತು.

ಒಬ್ಬರೇ ಇರುವವರು ಇದನ್ನು ಮರೆಯಬೇಡಿ

ಶುಗರ್ ಏರುವುದಕ್ಕೆ ಹೆದರಿ ಇಳಿಯುವುದನ್ನು ಮರೆಯುತ್ತೇವೆ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳುವವರಿಗೆ ಈ ಕಾಟ ಅಪರೂಪ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇರುವವರಿಗೆ ಊಟ ತಪ್ಪಿದರೆ ಶುಗರ್ 70ಕ್ಕಿಂತ ಕೆಳಗೆ ಹೋಗಬಹುದು. ನನಗೆ ಎರಡೂ ಮಾತ್ರೆ ಇದ್ದವು.

ಎರಡು ವರ್ಷದ ಹಿಂದೆ ಕುಯ್ಲಿನ ಸಮಯ. ಮಾತ್ರೆ ನುಂಗಿದ್ದೆ, ಮಧ್ಯಾಹ್ನದ ಊಟ ಅರ್ಧಕ್ಕೇ ಬಿಟ್ಟಿದ್ದೆ. ಸಂಜೆ ತೂಕದ ಹೊತ್ತಿಗೆ ಚಳಿಯಲ್ಲೂ ಬೆವರು. ತಕ್ಕಡಿಯ ಮುಳ್ಳು ಎರಡೆರಡು ಕಾಣುತ್ತಿತ್ತು. ಪುಸ್ತಕದಲ್ಲಿ ಅಂಕಿ ಗೆರೆ ಬಿಟ್ಟು ಓಡುತ್ತಿತ್ತು. ಸಾಲಿನಲ್ಲಿದ್ದ ವಯಸ್ಸಾದ ಹೆಂಗಸು ಒಬ್ಬರು 'ರೈಟ್ರೇ, ಕೂತ್ಕೊಳ್ಳಿ ಮೊದಲು' ಅಂತ ನನ್ನನ್ನು ಚೀಲದ ಮೇಲೆ ಕೂರಿಸಿ, ತಮ್ಮ ಫ್ಲಾಸ್ಕಿನ ಬೆಲ್ಲದ ಕಾಫಿ ಕುಡಿಸಿದರು. ಅವರ ಗಂಡನಿಗೂ ಶುಗರ್ ಇತ್ತಂತೆ. ಕಾಲು ಗಂಟೆಯಲ್ಲಿ ಮುಳ್ಳು ಒಂದಾಯಿತು. ನಾನು ಬಿಟ್ಟ ಕಾಫಿಯೇ ಅವತ್ತು ನನ್ನನ್ನು ಎಬ್ಬಿಸಿದ್ದು. ಆ ಪುಟ ಇನ್ನೂ ಇದೆ, ಏಳು ಜನರ ಲೆಕ್ಕ ಮಾರನೇ ದಿನ ತಿದ್ದಿದೆ. ಡಾಕ್ಟರಿಗೆ ಹೇಳಿದ ಮೇಲೆ ಅವರು ಮಾತ್ರೆ ಬದಲಿಸಿದರು.

ಅಲ್ಲಿ ಜನ ಇದ್ದರು. ಮನೆಯಲ್ಲಿ ಆಗಿದ್ದರೆ? ಈಗ ಹಾಸಿಗೆಯ ಪಕ್ಕ, ಅಂಗಿಯ ಜೇಬಿನಲ್ಲಿ, ಆಫೀಸಿನ ಡ್ರಾಯರಿನಲ್ಲಿ ಒಂದೊಂದು ಸಕ್ಕರೆ ಪೊಟ್ಟಣ ಇರುತ್ತದೆ. ಕೈ ನಡುಗಿದರೆ, ಬೆವರಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ. ಆಮೇಲೆ ಏನಾದರೂ ತಿನ್ನಬೇಕು. ಗೇಟಿನ ಅಕ್ಕನ ಹತ್ತಿರ ಒಂದು ಬೀಗದ ಕೈ ಕೊಟ್ಟಿದ್ದೇನೆ. ಬೆಳಿಗ್ಗೆ ಏಳಕ್ಕೆ ನನ್ನ ಮನೆಯ ಹೊಗೆಯೋ ದೀಪವೋ ಕಾಣದಿದ್ದರೆ ಬಂದು ಬಾಗಿಲು ತಟ್ಟುತ್ತಾರೆ. ಖಾಲಿ ಹೊಟ್ಟೆಯಲ್ಲಿ ಪೆಗ್ಗು ಹಾಕುವ ಅಭ್ಯಾಸ ಇರುವವರು ಈ ಮಾತ್ರೆ, ಇನ್ಸುಲಿನ್ ಜೊತೆಗೆ ಅದನ್ನು ಮಾಡಲೇಬೇಡಿ. ರಾತ್ರಿ ಶುಗರ್ ಇಳಿದರೆ ಕುಡಿದು ಮಲಗಿದ್ದಾನೆ ಅಂದುಕೊಳ್ಳುತ್ತಾರೆ, ಎಬ್ಬಿಸುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಇರಲಿ. 2018ರ ಆಗಸ್ಟ್ ಕಂಡವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಅಡುಗೆಯ ಗಂಧವೇ ಇಲ್ಲ, ಪೇಟೆಯಲ್ಲೇ ಕೆಲಸ ಅನ್ನುವವರು ಮಧ್ಯಾಹ್ನ ಮೆಸ್ಸು, ರಾತ್ರಿ ಕುಕ್ಕರಿನ ಒಂದು ಅಡುಗೆ, ಇಷ್ಟರಿಂದ ಶುರು ಮಾಡಿ. ವಯಸ್ಸಾಗಿದೆ, ಕೈ ನಡುಗುತ್ತದೆ, ಕಣ್ಣು ಮಂಜು ಅನ್ನುವವರಿಗೆ ಕ್ಯಾರಿಯರ್ರೇ ಸರಿ, ಡಬ್ಬಿ ನಿಮ್ಮದಿರಲಿ. ದಿನಕ್ಕೊಮ್ಮೆ ಯಾರಾದರೂ ಬಂದು ಮುಖ ನೋಡುತ್ತಾರೆ ಅನ್ನುವುದು ಅದರಲ್ಲಿ ಸಿಗುವ ಇನ್ನೊಂದು ಲಾಭ. ಅಡುಗೆ ಖುಷಿ ಕೊಡುವವರು ದಿನವೂ ಮಾಡಿ, ನಿಮ್ಮ ಪುಣ್ಯ. ಉಳಿದ ನನ್ನಂಥವರಿಗೆ ಭಾನುವಾರ, ಬುಧವಾರ. ನನ್ನ ಎಚ್‌ಬಿಎ1ಸಿ ಈಗ 7.1. ಇನ್ನೂ ಸ್ವಲ್ಪ ಇಳಿಯಬೇಕು.

ಹಬ್ಬದ ವಿಷಯ ಕೇಳಿಯೇ ಕೇಳುತ್ತೀರಿ. ಆಗಸ್ಟ್ ಮೊದಲ ವಾರ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಬರುತ್ತದೆ. ಅವತ್ತು ಮದ್ದು ಸೊಪ್ಪಿನ ಪಾಯಸ. ಆ ನೇರಳೆ ಬಣ್ಣ, ಆ ಪರಿಮಳ. ಅಕ್ಕಿ, ಬೆಲ್ಲ, ಕಾಯಿ, ಮೇಲೆ ಜೇನು, ತುಪ್ಪ. ನಮ್ಮ ಕಾಯಿಲೆಗೆ ಬೇಡವಾದ್ದೆಲ್ಲ ಒಂದೇ ಬಟ್ಟಲಿನಲ್ಲಿ. ಮೊದಲ ವರ್ಷ ಪೂರ್ತಿ ಬಿಟ್ಟೆ, ಇಡೀ ದಿನ ಮುಖ ಊದಿಸಿಕೊಂಡಿದ್ದೆ. ಎರಡನೇ ವರ್ಷ ಬೆಲ್ಲದ ಬದಲು ಶುಗರ್‌ಫ್ರೀ ಪುಡಿ ಹಾಕಿ ಮಾಡಿದೆ. ಅದನ್ನು ಪಾಯಸ ಅನ್ನಬಾರದು. ಈಗ ಮಧ್ಯಾಹ್ನದ ಊಟದಲ್ಲಿ ಅನ್ನವನ್ನೇ ತೆಗೆದು, ಪಲ್ಯ ಮತ್ತು ಕೋಳಿ ಉಂಡು, ಕೊನೆಗೆ ಅಕ್ಕನ ಮನೆಯ ಪಾಯಸ ಅರ್ಧ ಬಟ್ಟಲು, ಜೇನು ಇಲ್ಲದೆ. ಹೋದ ವರ್ಷ ಎರಡು ಗಂಟೆಗೆ ನೋಡಿದಾಗ 177 ಇತ್ತು. ಶುಗರ್ ಬಂದ ಹೊಸತರಲ್ಲಿ ಇರುವವರಿಗೆ, ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರಿಗೆ ಒಂದು ಮಾತು: ಪಾಯಸ ತಿಂದ ಮೇಲೆ ಮೂತ್ರ ಕೆಂಪಗೆ ಹೋದರೆ ಗಾಬರಿಯಾಗಿ ಆಸ್ಪತ್ರೆಗೆ ಓಡಬೇಡಿ. ಅದು ಕಿಡ್ನಿಯಲ್ಲ, ಮದ್ದು ಸೊಪ್ಪು.